ಬೇನೆಯ ವರ್ಷದಲ್ಲಿ ಹುಡುಗರ ಹೋರಿ

ರೋಗ ಬಂದ ವರ್ಷ ದನದ ಜಾತ್ರೆ ನಿಲ್ಲಿಸಬೇಕೇ? ನಿಲ್ಲಿಸಬೇಕು, ತಡಮಾಡದೆ ನಿಲ್ಲಿಸಬೇಕು. ಇದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಜಿಲ್ಲಾಧಿಕಾರಿಗಳ ಆದೇಶ ಹೊರಬಿದ್ದ ಮೇಲೆ ಉಳಿಯುವ ಇನ್ನೊಂದು ಪ್ರಶ್ನೆಯನ್ನು ನಾವು ಕೈಗೆತ್ತಿಕೊಳ್ಳುವುದೇ ಇಲ್ಲ. ಆ ಜಾತ್ರೆಗೆಂದು, ಆ ಪ್ರದರ್ಶನಕ್ಕೆಂದು ವರ್ಷವಿಡೀ ಒಂದು ಕರುವನ್ನು ಜೋಪಾನ ಮಾಡಿದ ಹದಿನಾಲ್ಕು ಹದಿನೈದರ ಹುಡುಗನಿಗೆ, ಹುಡುಗಿಗೆ ನಾವು ಏನು ಹೇಳಬೇಕು? 2020 ಮತ್ತು 2021 ಕೊರೊನಾದಲ್ಲಿ ಹೋದವು. 2022ರಲ್ಲಿ ಚರ್ಮಗಂಟು ರೋಗ ಬಂತು. ಆ ವರ್ಷಗಳಲ್ಲಿ ನಮ್ಮ ಎಳೆಯರಿಗೆ ಸಿಕ್ಕ ಉತ್ತರ ಒಂದೇ: ಈ ವರ್ಷ ಇಲ್ಲ. ಈ ಉತ್ತರ ಸಾಲದು, ಮತ್ತು ಸಾಲದ ಉತ್ತರದಿಂದ ರೋಗದ ತಡೆಗೂ ನಷ್ಟವಿದೆ ಎಂಬುದು ನನ್ನ ವಾದ.

ಗದಗ ಸೀಮೆಯ ಹಳ್ಳಿಗಳಲ್ಲಿ, ಅದು ಅಂತೂರ ಬೆಂತೂರ ಇರಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಊರುಗಳಿರಲಿ, ದನಗಳಿಗೂ ಒಂದು ಪಂಚಾಂಗವಿದೆ. ಬಸವ ಜಯಂತಿಗೆ ಎತ್ತುಗಳ ಮೆರವಣಿಗೆ. ಕಾರಹುಣ್ಣಿಮೆಗೆ ಕರಿ ಹರಿಯುವುದು. ಅದಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಎರೆಮಣ್ಣು ಕಲಸಿ ಜೋಡೆತ್ತು ಮಾಡಿ, ಮುಂದೆ ಗೋದಲಿಯನ್ನೂ ಮಾಡಿ ಇಡುವ ಮಗು ಕೆಲವೇ ವರ್ಷಗಳಲ್ಲಿ ನಿಜವಾದ ಕರುವಿನ ಹಗ್ಗ ಹಿಡಿಯುತ್ತದೆ. ಯಾರೂ ಪಾಠ ಬರೆದುಕೊಡದಿದ್ದರೂ ಇದು ಒಂದು ಶಾಲೆ. ಜಾತ್ರೆಯ ಪ್ರದರ್ಶನವೇ ಅದರ ಪರೀಕ್ಷೆ. ಪಶುಸಂಗೋಪನಾ ಇಲಾಖೆ ಹಳ್ಳಿಗಳಲ್ಲಿ ನಡೆಸುವ ಮಿಶ್ರತಳಿ ಕರುಗಳ ಪ್ರದರ್ಶನವೂ ಇದೇ ಶಾಲೆಗೆ ಸೇರಿದ್ದು. ಅಲ್ಲಿ ಕೊಡುವ ಬಹುಮಾನ ಒಂದು ಸ್ಟೀಲ್ ಬಕೆಟ್ಟೋ ಒಂದು ಚೀಲ ಖನಿಜ ಮಿಶ್ರಣವೋ ಆಗಿರಬಹುದು. ಗೆದ್ದ ಮಗುವಿಗೆ ಅದರ ಬೆಲೆಯೇ ಬೇರೆ.

ಪ್ರದರ್ಶನಕ್ಕೆ ಹೋರಿ ಸಜ್ಜು ಮಾಡುವುದೆಂದರೆ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಮೇಲೊಂದು ಝೂಲ ಹೊದಿಸುವುದು ಎಂದು ಹೊರಗಿನವರು ತಿಳಿದಿರುತ್ತಾರೆ. ಅದು ಕೊನೆಯ ದಿನದ ಕೆಲಸ. ಅದಕ್ಕೂ ಮೊದಲು ತಿಂಗಳುಗಟ್ಟಲೆ ಹತ್ತಿಕಾಳು ನೆನೆಸಿ ರುಬ್ಬಿ ಹಾಕಬೇಕು, ಹಿಂಡಿ ಎಷ್ಟು ಹಾಕಿದರೆ ಹೊಟ್ಟೆ ತಡೆಯುತ್ತದೆ ಎಂಬುದನ್ನು ಸಗಣಿ ನೋಡಿ ತಿಳಿಯಬೇಕು, ಕಣಿಕಿ ಹಸಿಯೋ ಬೂಸ್ಟು ಹಿಡಿದದ್ದೋ ಎಂದು ಮೂಸಿ ನೋಡಬೇಕು. ಬೆಳಗ್ಗೆ ಎದ್ದು ಮೈ ತಿಕ್ಕುವಾಗ ಕೈ ಕುತ್ತಿಗೆಯಿಂದ ಇಣಿಗೆ, ಇಣಿಯಿಂದ ಬೆನ್ನಿಗೆ, ಬೆನ್ನಿನಿಂದ ತೊಡೆಯ ಸಂದಿಗೆ ಹೋಗುತ್ತದೆ. ಉಣ್ಣೆ ಎಲ್ಲಿ ಕೂತಿದೆ, ಗಾಯ ಎಲ್ಲಿದೆ ಎಂಬುದು ಆ ಕೈಗೆ ಗೊತ್ತು. ಜನದ ನಡುವೆ ಬೆದರದಂತೆ, ನಾಲ್ಕೂ ಕಾಲು ಸಮನಾಗಿ ಊರಿ ನಿಲ್ಲುವಂತೆ, ಗೊತ್ತಿಲ್ಲದವರು ತುಟಿ ಬಿಡಿಸಿ ಹಲ್ಲು ನೋಡಿದರೂ ತಲೆ ಕೊಡವದಂತೆ ಅದನ್ನು ರೂಢಿ ಮಾಡಬೇಕು. ಇಷ್ಟೆಲ್ಲ ಆದ ಮೇಲೆ ನಿರ್ಣಾಯಕರು ಬಂದು ನಿಲುವು, ಗೊರಸು, ಗಂಗೆದೊಗಲು, ನಡಿಗೆ ನೋಡುತ್ತಾರೆ. ಹೆಚ್ಚೆಂದರೆ ಐದು ನಿಮಿಷ. ಆ ಐದು ನಿಮಿಷದಲ್ಲಿ ತಿಳಿದವರೊಬ್ಬರು ಮಗುವಿನ ಕೆಲಸವನ್ನು ಕಣ್ಣಿಟ್ಟು ನೋಡಿ, ಇಲ್ಲಿ ಸರಿ, ಇಲ್ಲಿ ತಪ್ಪು ಎನ್ನುತ್ತಾರೆ. ಜಾತ್ರೆ ರದ್ದಾದಾಗ ನಿಜವಾಗಿ ಕಳೆದುಹೋಗುವುದು ಇದು. ಬೆಂಡು ಬತ್ತಾಸು, ತೊಟ್ಟಿಲು, ನಾಟಕ ಮುಂದಿನ ವರ್ಷ ಮತ್ತೆ ಬರುತ್ತವೆ. ಈ ವರ್ಷದ ಹಾಲುಹಲ್ಲಿನ ಕರು ಮುಂದಿನ ವರ್ಷ ಹಾಲುಹಲ್ಲಿನದಾಗಿರುವುದಿಲ್ಲ.

ಹಾಗೆಂದು ನಿಷೇಧವನ್ನು ದೂರುವವರ ಜೊತೆ ನಾನು ನಿಲ್ಲಲಾರೆ. ನನ್ನ ತಕರಾರು ಇರುವುದು, ಎಲ್ಲ ಬೇನೆಗೂ ಒಂದೇ ಬೀಗ ಹಾಕುವ ರೀತಿಯ ಬಗ್ಗೆ. ರೋಗ ಯಾರಿಂದ ಯಾರಿಗೆ ದಾಟುತ್ತದೆ ಎಂಬುದರ ಮೇಲೆ ನಿಯಮ ನಿಲ್ಲಬೇಕು.

ಕೊರೊನಾದಲ್ಲಿ ಅಪಾಯವಿದ್ದದ್ದು ಮನುಷ್ಯರಿಂದ ಮನುಷ್ಯರಿಗೆ. ಜರ್ಮನಿಯಲ್ಲಿ 2020ರಲ್ಲಿ ಆರು ದನಗಳಿಗೆ ಆ ವೈರಾಣುವನ್ನು ಕೊಟ್ಟು ನೋಡಿದ ಪ್ರಯೋಗದಲ್ಲಿ ಎರಡಕ್ಕೆ ಮಾತ್ರ ಅಲ್ಪ ಸೋಂಕು ಕಂಡಿತು. ಜೊತೆಗೆ ಕಟ್ಟಿದ್ದ ಬೇರೆ ದನಗಳಿಗೆ ಅದು ಹರಡಲೇ ಇಲ್ಲ. ಎಂದರೆ ಹೋರಿ ಅಲ್ಲಿ ನಿರಪರಾಧಿ. ಅಪಾಯವಿದ್ದದ್ದು ಅದರ ಸುತ್ತ ಮುಗಿಬೀಳುವ ಜನದಲ್ಲಿ, ಟವೆಲಿನ ಅಡಿಯಲ್ಲಿ ಬೆರಳು ಹಿಡಿದು ದರ ಕುದುರಿಸುವ ದಲ್ಲಾಳಿಗಳ ಕೈಯಲ್ಲಿ. ಒಬ್ಬರ ಕೈ ಬಿಟ್ಟು ಇನ್ನೊಬ್ಬರ ಕೈ ಹಿಡಿಯುವ ಆ ವ್ಯಾಪಾರವನ್ನು 2020ರ ಮಾರ್ಚ್ 25ರ ನಂತರ ನಿಲ್ಲಿಸಿದ್ದು ಸರಿಯೇ. ಆದರೆ ಬಯಲಿನಲ್ಲಿ, ಒಂದೊಂದೇ ಹೋರಿ ಒಂದೊಂದು ಹೊತ್ತಿಗೆ ಬಂದು, ನಿರ್ಣಾಯಕರು ದೂರ ನಿಂತು ನೋಡಿ ಕಳಿಸಿದ್ದರೆ ಯಾರಿಗೆ ಏನು ಆಗುತ್ತಿತ್ತು? ಅಮೆರಿಕದಲ್ಲಿ ಹೀಗೇ ಮಾಡಿದರು. ಅಲ್ಲಿಯ 4-ಎಚ್ ಎಂಬ ಮಕ್ಕಳ ಸಂಘಟನೆ 1902ರಲ್ಲಿ ಓಹಾಯೋದ ಒಂದು ಕೌಂಟಿಯಲ್ಲಿ ಹುಟ್ಟಿದ್ದು. ಕರು, ಹಂದಿ, ಕುರಿ ಸಾಕಿ ಕೌಂಟಿಯ ಜಾತ್ರೆಯಲ್ಲಿ ತೋರಿಸುವುದು ಅದರ ಮಕ್ಕಳಿಗೆ ವರ್ಷದ ಮುಖ್ಯ ಕೆಲಸ. 2020ರಲ್ಲಿ ಅಯೋವಾ ರಾಜ್ಯದ ದೊಡ್ಡ ಜಾತ್ರೆ ರದ್ದಾಯಿತು, ಆದರೆ ಮಕ್ಕಳ ಜಾನುವಾರು ಪ್ರದರ್ಶನವನ್ನು ಮಾತ್ರ ಬೇರೆಯಾಗಿ ನಡೆಸಿದರು. ಹಲವು ಕೌಂಟಿಗಳಲ್ಲಿ ಗಾಡಿಯಿಂದ ಇಳಿಸಿ, ತೋರಿಸಿ, ಅದೇ ಗಾಡಿಗೆ ಹತ್ತಿಸಿ ಮನೆಗೆ ಕಳಿಸುವ ಏರ್ಪಾಡಾಯಿತು. ಇನ್ನು ಕೆಲವು ಕಡೆ ಮಕ್ಕಳು ವಿಡಿಯೊ ಮಾಡಿ ಕಳಿಸಿದರು. ದೊಡ್ಡವರ ಮೋಜು ನಿಂತಿತು, ಮಕ್ಕಳ ಕೆಲಸ ನಿಲ್ಲಲಿಲ್ಲ.

ಅದೇ ದೇಶದಲ್ಲಿ ಇನ್ನೊಂದು ಪಾಠವೂ ಇದೆ, ಅದನ್ನು ಮುಚ್ಚಿಟ್ಟು ವಾದ ಮಾಡುವುದು ಸರಿಯಲ್ಲ. 2012ರಲ್ಲಿ ಹಂದಿಯಿಂದ ಮನುಷ್ಯರಿಗೆ ದಾಟಿದ ಒಂದು ಬಗೆಯ ಫ್ಲೂ 300ಕ್ಕೂ ಹೆಚ್ಚು ಜನರಿಗೆ ತಗಲಿತು. ಬಹುಪಾಲು ಮಕ್ಕಳೇ, ಬಹುಪಾಲು ಜಾತ್ರೆಯಲ್ಲಿ ಹಂದಿಗಳ ಹತ್ತಿರ ಇದ್ದವರೇ. ಪ್ರಾಣಿಯಿಂದಲೇ ಮಗುವಿಗೆ ರೋಗ ಬರುವಂತಿದ್ದರೆ ಬಯಲು, ಅಂತರ, ಸಮಯದ ಹಂಚಿಕೆ ಯಾವುದೂ ಸಾಲದು. ಅಲ್ಲಿ ಮಗುವನ್ನು ಕೊಟ್ಟಿಗೆಯಿಂದಲೇ ದೂರ ಇಡಬೇಕು. ಅಂಥ ವರ್ಷ ಬಂದರೆ ನನ್ನ ವಾದವನ್ನು ನಾನೇ ಹಿಂತೆಗೆದುಕೊಳ್ಳುತ್ತೇನೆ.

ನಮ್ಮ ಭಾಗಕ್ಕೆ ಹೆಚ್ಚು ಹತ್ತಿರದ್ದು ಮೂರನೆಯ ಬಗೆ: ದನದಿಂದ ದನಕ್ಕೆ ದಾಟುವ ಬೇನೆ. ಚರ್ಮಗಂಟು ರೋಗ ಆಫ್ರಿಕಾದ ಜಾಂಬಿಯಾದಲ್ಲಿ 1929ರಲ್ಲಿ ಮೊದಲು ಕಂಡದ್ದು. ಭಾರತದಲ್ಲಿ 2019ರಲ್ಲಿ ಒಡಿಶಾದಲ್ಲಿ ಕಾಣಿಸಿಕೊಂಡಿತು. 2022ರಲ್ಲಿ ಗುಜರಾತ್, ರಾಜಸ್ಥಾನಗಳನ್ನು ತುಳಿದು ಕರ್ನಾಟಕಕ್ಕೆ ಇಳಿದಾಗ ನಮ್ಮ ಪಕ್ಕದ ಹಾವೇರಿ ಜಿಲ್ಲೆ ಬಹಳ ನೊಂದಿತು. ಮನುಷ್ಯರಿಗೆ ಇದು ತಗಲದು. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳು ಇದನ್ನು ಒಯ್ಯುತ್ತವೆ. ಸೋಂಕಿದ ದನವನ್ನು ಲಾರಿಯಲ್ಲಿ ಸಾಗಿಸಿದರೆ ರೋಗ ನೊಣಕ್ಕಿಂತ ದೂರ ಹೋಗುತ್ತದೆ. ಮೈಯಲ್ಲಿ ಹೊಕ್ಕ ರೋಗ ಹೊರಗೆ ಕಾಣಲು ಕೆಲವೊಮ್ಮೆ ನಾಲ್ಕು ವಾರವೂ ಬೇಕು. ಎಂದರೆ ನೋಡಲು ಗಟ್ಟಿಮುಟ್ಟಾದ ಹೋರಿ ಕೂಡ ಜಾತ್ರೆಯ ಗೂಟಕ್ಕೆ ರೋಗವನ್ನು ತಂದಿರಬಹುದು. ಇಂಥ ಬೇನೆಯಲ್ಲಿ ದನ ಮನೆ ಬಿಟ್ಟು ಹೊರಡಲೇಬಾರದು. 2009ರ ಕೇಂದ್ರ ಕಾಯ್ದೆಯೊಂದು ರೋಗ ನಿಯಂತ್ರಣದ ಪ್ರದೇಶದಲ್ಲಿ ಸಂತೆ, ಜಾತ್ರೆ, ಪ್ರದರ್ಶನ ತಡೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ಅದನ್ನು ಬಳಸಿದ್ದು ನ್ಯಾಯ.

ಆದರೆ ದನ ಹೊರಡಬಾರದು ಎಂದರೆ ನಿರ್ಣಾಯಕರೂ ಹೊರಡಬಾರದು ಎಂದಲ್ಲವಲ್ಲ. ಆ ವರ್ಷ ಇಲಾಖೆಯವರು ಲಸಿಕೆ ಹಿಡಿದು ಮನೆಮನೆಗೆ ಹೋದರು. ಯಾವ ಓಣಿಯಲ್ಲಿ ಯಾರ ಕೊಟ್ಟಿಗೆಯಲ್ಲಿ ಎಷ್ಟು ದನ ಎಂದು ಬರೆದುಕೊಂಡರು. ಅದೇ ಲೆಕ್ಕ ಹಿಡಿದು ಆಮೇಲೆ ಹೋಗಿ, ಆ ಮನೆಯ ಮಗು ಸಾಕಿದ ಕರುವನ್ನು ಗೋದಲಿಯ ಮುಂದೆಯೇ ನಿಲ್ಲಿಸಿ ನೋಡಿ, ಒಂದು ಚೀಟಿಯಲ್ಲಿ ಅಂಕ ಬರೆದು, ನಾಲ್ಕು ಮಾತು ಹೇಳಿ ಬರಬಹುದಿತ್ತು. ಮುಟ್ಟಬೇಕಿಲ್ಲ; ಹಲ್ಲನ್ನು ಮಗುವೇ ಬಿಡಿಸಿ ತೋರಿಸಲಿ, ಅಂಗಳದಲ್ಲಿ ಹತ್ತು ಹೆಜ್ಜೆ ನಡೆಸಲಿ. ಆ ಚೀಟಿಯಲ್ಲಿ ಇನ್ನೂ ಒಂದು ಪಟ್ಟಿ ಇರಬೇಕು: ಈ ವಾರ ಮೈ ಬಿಸಿ ಇತ್ತೇ, ಮೇವು ಬಿಟ್ಟಿತೇ, ಚರ್ಮದ ಮೇಲೆ ಗಂಟು ಸಿಕ್ಕಿತೇ, ಕಾಲು ಬಾತಿದೆಯೇ. ಮಗು ವಾರವಾರ ಅದನ್ನು ತುಂಬಲಿ, ತುಂಬಿದ್ದಕ್ಕೆ ಅಂಕ ಸಿಗಲಿ. ದಿನಾ ಬೆಳಗ್ಗೆ ಮೈ ತಿಕ್ಕುವ ಕೈಗೆ ಸಿಗುವ ಮೊದಲ ಗಂಟು ಆಸ್ಪತ್ರೆಯ ಕಡತಕ್ಕೆ ಬರುವ ಹೊತ್ತಿಗೆ ಇಪ್ಪತ್ತು ಗಂಟಾಗಿರುತ್ತದೆ. ಬೇನೆಯನ್ನು ಎಲ್ಲರಿಗಿಂತ ಮೊದಲು ಕಾಣಬಲ್ಲವರು ಈ ಮಕ್ಕಳು. ಅವರನ್ನೇ ನಾವು ಬೇನೆಯ ವರ್ಷದಲ್ಲಿ ಸುಮ್ಮನೆ ಮನೆಗೆ ಕಳಿಸುತ್ತೇವೆ.

ನಿಷೇಧ ಮಾತ್ರ ಇದ್ದಾಗ ಏನಾಗುತ್ತದೆ ಎಂಬುದೂ ಹಳ್ಳಿಯವರಿಗೆ ಗೊತ್ತು. ಸಂತೆ ಮುಚ್ಚಿದೆ, ಮುಂಗಾರು ಎದುರಿಗಿದೆ, ಬಿತ್ತನೆಗೆ ದುಡ್ಡು ಬೇಕು. ಅನುಮಾನವಿದ್ದ ದನವನ್ನು ಕತ್ತಲಲ್ಲಿ ಅಗ್ಗಕ್ಕೆ ಹೊಡೆದು ಕಳಿಸುವವರು ಇರುತ್ತಾರೆ. ಅವರನ್ನು ದುಷ್ಟರೆಂದು ಬಯ್ಯುವುದರಿಂದ ಏನೂ ಸಾಗದು. ಚರ್ಮಗಂಟು ರೋಗದಲ್ಲಿ ಸತ್ತ ದನಕ್ಕೆ ರಾಜ್ಯ ಸರ್ಕಾರ ಪರಿಹಾರ ಕೊಟ್ಟಿತು: ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ. ಒಳ್ಳೆಯ ಕೆಲಸವೇ. ಆದರೆ ಬದುಕಿದ ದನವನ್ನು ಮುಚ್ಚಿಡದೆ ತೋರಿಸಿದವರಿಗೆ ಏನು ಸಿಕ್ಕಿತು? ಕಾಣುವಂತೆ ಸಾಕಿ, ಕಾಯಿಲೆ ಬಂದರೆ ಹೇಳಿದ ಮನೆಗೆ ಮರ್ಯಾದೆ ಸಿಗುವ ಒಂದು ದಾರಿ ಬೇಕು. ಆ ಮರ್ಯಾದೆಯನ್ನು ನಮ್ಮ ಹಳ್ಳಿಗಳಲ್ಲಿ ಕೊಡುತ್ತಿದ್ದದ್ದು ಪ್ರದರ್ಶನವೇ.

ಮನೆಗೆ ಬರುವವರೇ ರೋಗ ತಂದರೆ ಎಂಬ ಆಕ್ಷೇಪ ಗಟ್ಟಿಯಾದದ್ದು. ಒಂದೇ ಸೂಜಿಯನ್ನು ಹಲವು ದನಗಳಿಗೆ ಚುಚ್ಚಿದರೆ ಗಂಟು ರೋಗ ಸೂಜಿಯಲ್ಲೇ ದಾಟುತ್ತದೆ. ಕಾಲುಬಾಯಿ ಬೇನೆಯಂತೂ ಚಪ್ಪಲಿಯಲ್ಲಿ, ಬಟ್ಟೆಯಲ್ಲಿ ಹೋಗುತ್ತದೆ. ಆದ್ದರಿಂದ ಬೇನೆ ಕಂಡ ಊರಿಗೆ ನಿರ್ಣಾಯಕರು ಹೋಗುವಂತಿಲ್ಲ, ಕಾಣದ ಊರಿನಲ್ಲೂ ಲಸಿಕೆ ಹಾಕಿ ಮೂರು ವಾರ ಕಳೆದ ಮೇಲೆಯೇ ಹೋಗಬೇಕು. ಕಾಲುಬಾಯಿ ಬೇನೆಯ ವರ್ಷ ಯಾರೂ ಯಾರ ಕೊಟ್ಟಿಗೆಗೂ ಕಾಲಿಡದೆ, ಮಗು ಕಳಿಸಿದ ವಿಡಿಯೊವನ್ನೇ ನೋಡಿ ತೀರ್ಪು ಕೊಡಬೇಕು. ನಿಂತ ಫೋಟೊ ಸಾಲದು, ನಡಿಗೆ ಕಾಣಬೇಕು. ಮೊಬೈಲ್ ಇಲ್ಲದ ಮನೆಗೆ ಹಾಲಿನ ಸಂಘದವರೋ ಶಾಲೆಯ ಮೇಷ್ಟ್ರೋ ನೆರವಾಗಲಿ.

ಪಶುವೈದ್ಯರೇ ಸಾಲದಿರುವಾಗ ಇದಕ್ಕೆ ಯಾರಿದ್ದಾರೆ ಎಂದು ಕೇಳುವವರಿಗೆ ನಮ್ಮ ಜಿಲ್ಲೆಯಲ್ಲೇ ಉತ್ತರವಿದೆ. ಗದಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಹುಲಕೋಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಕಾಲೇಜಿನ ವಿದ್ಯಾರ್ಥಿಗಳಿಗೆ ದನ ನೋಡಿ ಅಂಕ ಹಾಕುವುದು ಕಲಿಕೆಯೇ. ನಮ್ಮ ನಾಡಿನಲ್ಲಿ ಸಾಲ ಸಹಕಾರ ಸಂಘದ ಮೊದಲ ಬೀಜ ಬಿದ್ದದ್ದು ಗದಗ ತಾಲೂಕಿನ ಕಣಗಿನಹಾಳದಲ್ಲಿ, 1905ರಲ್ಲಿ. ನೂರು ವರ್ಷದ ಹಿಂದೆ ಸಾಲದ ಲೆಕ್ಕವನ್ನು ಊರಿನವರೇ ಕೂಡಿ ಇಟ್ಟುಕೊಂಡ ನಾಡಿಗೆ ಕರುಗಳ ಚೀಟಿ ಇಡುವುದು ಕಷ್ಟವಾಗಬಾರದು.

ಇನ್ನೊಂದು ಮಾತು ಎಮ್ಮೆಯ ಬಗ್ಗೆ, ಯಾಕೆಂದರೆ ಜಾತ್ರೆ ಎಂದರೆ ನಮ್ಮ ಕಣ್ಣು ಹೋರಿಯ ಮೇಲೆಯೇ ಹೋಗುತ್ತದೆ. ಧಾರವಾಡಿ ಎಮ್ಮೆಗೆ ಸ್ವಂತ ತಳಿ ಎಂಬ ರಾಷ್ಟ್ರೀಯ ಮನ್ನಣೆ ಸಿಕ್ಕಿದ್ದು 2021ರಲ್ಲಿ, ಜಾತ್ರೆಗಳೆಲ್ಲ ಬಂದ್ ಆಗಿದ್ದ ಕಾಲದಲ್ಲಿ. ಗದಗವೂ ಅದರ ತವರು ಜಿಲ್ಲೆಗಳಲ್ಲಿ ಒಂದು. ಆ ತಳಿ ಉಳಿದದ್ದು ಮನೆಯ ಹೆಣ್ಣುಮಕ್ಕಳ ಕೈಯಲ್ಲಿ. ಮೆರವಣಿಗೆಯಲ್ಲಿ ಹೋರಿಯ ಹಗ್ಗ ಹಿಡಿಯುವ ಅವಕಾಶ ಹುಡುಗಿಗೆ ಕಡಿಮೆ. ಗೋದಲಿಯ ಮುಂದೆ ನಡೆಯುವ ಪ್ರದರ್ಶನದಲ್ಲಿ ಅವಳ ಎಮ್ಮೆಗರುವೂ ಅಂಕ ಪಡೆಯುತ್ತದೆ. ರೋಗವಿಲ್ಲದ ವರ್ಷದಲ್ಲೂ ಇದನ್ನು ಮುಂದುವರಿಸಲು ಈ ಒಂದು ಕಾರಣ ಸಾಕು.

ಕಾಲುಬಾಯಿ ಬೇನೆಗೆ ಆರು ತಿಂಗಳಿಗೊಮ್ಮೆ ಲಸಿಕೆ ಹಾಕಲು ಇಲಾಖೆಯವರು ಹೇಗೂ ಹಳ್ಳಿಗೆ ಬರುತ್ತಾರೆ. ಮುಂದಿನ ಸುತ್ತಿಗೆ ಬರುವಾಗ ಚೀಟಿಗಳನ್ನು ಜೊತೆಗೆ ತರಲಿ, ಪ್ರತಿ ಮನೆಯಲ್ಲೂ ಕರು ಸಾಕುವ ಮಗುವಿನ ಹೆಸರು ಕೇಳಿ ಬರೆದುಕೊಳ್ಳಲಿ. ಪಂಚಾಯಿತಿಯವರು ಮತ್ತು ಜಾತ್ರಾ ಸಮಿತಿಯವರು ಬಹುಮಾನದ ಹಣವನ್ನು ಈ ವರ್ಷವೇ ಬೇರೆ ಎತ್ತಿಡಲಿ. ಮುಂದೆ ಯಾವಾಗ ನಿಷೇಧದ ಆದೇಶ ಬಂದರೂ, ಅದರ ಕೆಳಗೆ ಮಕ್ಕಳ ಕರುಗಳನ್ನು ಎಲ್ಲಿ, ಹೇಗೆ, ಯಾರು ನೋಡುತ್ತಾರೆ ಎಂಬ ಎರಡನೆಯ ಆದೇಶವೂ ಇರಬೇಕು.