ಎದ್ದು ಕೂತರೆ ಸಾಕೇ?

‘ಬಿದ್ದವರು ಎದ್ದು ಮಾತಾಡಿದರೆ ತಲೆಗೇನೂ ಆಗಿಲ್ಲ, ಸ್ಕ್ಯಾನಿಂಗ್ ದುಂದುವೆಚ್ಚ’ ಎಂಬ ಮಾತು ಜೀವಕ್ಕೇ ಕುತ್ತು. 2009ರ ಮಾರ್ಚ್‌ನಲ್ಲಿ ನಟಿ ನತಾಶಾ ರಿಚರ್ಡ್‌ಸನ್ ಕೆನಡಾದಲ್ಲಿ ಸ್ಕೀ ಕಲಿಯುವಾಗ ಬಿದ್ದರು, ಎದ್ದು ಮಾತಾಡಿದರು, ಚಿಕಿತ್ಸೆ ಬೇಡವೆಂದರು. ಎರಡೇ ದಿನಕ್ಕೆ ತೀರಿಕೊಂಡರು. ಬುರುಡೆಯೊಳಗೆ ರಕ್ತ ತುಂಬಿತ್ತು.

ನಮ್ಮಜ್ಜಿ ಬಚ್ಚಲಲ್ಲಿ ಜಾರಿದಾಗ ಹಣೆಯ ಮೇಲೆ ನಿಂಬೆಗಾತ್ರದ ಊತ, ಅಷ್ಟೇ. ಅರಿಸಿನ ಹಚ್ಚಿ ಸುಮ್ಮನಾದೆವು. ಮೂರು ವಾರದ ಮೇಲೆ ಕಾಫಿ ಲೋಟ ಎಡಗೈಯಿಂದ ಜಾರತೊಡಗಿತು. ‘ವಯಸ್ಸಾಯಿತಲ್ಲ’ ಅಂದುಕೊಂಡೆವು. ಮುಪ್ಪಿನಲ್ಲಿ ಮಿದುಳು ಕುಗ್ಗಿರುತ್ತದೆ; ಹರಿದ ಸಣ್ಣ ರಕ್ತನಾಳ ವಾರಗಟ್ಟಲೆ ಒಸರಬಹುದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗಂತೂ ಅಪಾಯ ಇನ್ನೂ ಹೆಚ್ಚು. ವಾಂತಿ, ಮಂಪರು, ಬಿಡದ ತಲೆನೋವು, ತೊದಲು ಕಂಡರೆ ಬೆಳಗಾಗಲೆಂದು ಕಾಯಬೇಡಿ. ನಾವು ಕಾದೆವು. ಅಜ್ಜಿಯ ಎಡಗೈ ಮತ್ತೆ ಲೋಟ ಹಿಡಿಯಲಿಲ್ಲ.