ಸವಾರನ ಮೇಲೆ ಸೈಕಲ್ಲಿನ ಸವಾರಿ

ಸೈಕಲ್ಲಿನ ಮೇಲೆ ನಾವು ಸವಾರಿ ಮಾಡುವುದು ಸರಿಯೇ. ಸೈಕಲ್ಲು ನಮ್ಮ ಮೇಲೆ ಸವಾರಿ ಮಾಡುವುದೂ ಉಂಟು. ಕಾಲೇಜಿನ ದಿನಗಳಲ್ಲಿ ನನಗದು ನಿತ್ಯದ ಅನುಭವ. ಮನೆ ರೈಲು ಹಳಿಯ ಈಚೆ, ಕಾಲೇಜು ಆಚೆ, ನಡುವೆ ಮೆಟ್ಟಿಲಿನ ಸೇತುವೆ. ಸೈಕಲ್ಲಿಗೆ ಹೆಗಲು ಕೊಟ್ಟು ಹತ್ತಿ ಇಳಿಯುವಷ್ಟರಲ್ಲಿ ಚೈನಿನ ಎಣ್ಣೆ ಬಿಳಿ ಅಂಗಿಯ ಮೇಲೆ ರುಜು ಹಾಕಿರುತ್ತಿತ್ತು. ಅಮ್ಮನ ಮಂಗಳಾರತಿ ಸಂಜೆಗೆ.

ಕೋಪನ್‌ಹೇಗನ್ನಿನ ಒಂದು ಸೇತುವೆಯ ಕಥೆ ಓದಿದಾಗ ಆ ಎಣ್ಣೆಯ ಕಲೆ ನೆನಪಾಯಿತು. ಡೆನ್ಮಾರ್ಕಿನ ಈ ರಾಜಧಾನಿಯನ್ನು ನಾನು ಕಂಡವನಲ್ಲ. ಆದರೆ ಕೆಲಸಕ್ಕೂ ಶಾಲೆಗೂ ಸೈಕಲ್ಲಿನಲ್ಲೇ ಹೋಗುವ ಊರೆಂದು ಅದು ಲೋಕಪ್ರಸಿದ್ಧ. ದೊಡ್ಡ ರಸ್ತೆಗಳ ಪಕ್ಕದಲ್ಲಿ, ಕಾರುಗಳ ಹಾದಿಗಿಂತ ತುಸು ಎತ್ತರದಲ್ಲಿ, ಸೈಕಲ್ಲಿಗೇ ಬೇರೆ ಪಥ. ತೊಡಕೆಂದರೆ, ಊರನ್ನು ಬಂದರಿನ ನೀರು ಸೀಳಿಕೊಂಡು ಹೋಗಿದೆ. ಆಚೆಗೆ ಅಮಾಗರ್ ದ್ವೀಪ. ನಡು ಊರಿನಲ್ಲಿ ದಾಟಬೇಕಾದರೆ ಮೋಟಾರುಗಳ ಜೊತೆಗೇ ಹಳೆಯ ಸೇತುವೆಗಳನ್ನು ಹಿಡಿಯಬೇಕಿತ್ತು. ಅವುಗಳಲ್ಲೊಂದಾದ ಲಾಂಗೆಬ್ರೋ ೧೯೫೪ರದು.

೨೦೦೬ರಲ್ಲಿ ನಗರದವರು ಕಾಲ್ನಡಿಗೆಯವರಿಗೂ ಸೈಕಲ್ಲಿನವರಿಗೂ ಮೀಸಲಾದ ಬ್ರುಗೆಬ್ರೋ ಸೇತುವೆ ಕಟ್ಟಿದರು. ಎಲ್ಲರಿಗೂ ಸಂತೋಷ. ಆದರೆ ಪಶ್ಚಿಮದ ತುದಿಯಲ್ಲಿ ಅದು ಸವಾರನನ್ನು ತಂದು ಬಿಟ್ಟದ್ದು ನೀರಿನಂಚಿನ ಕಟ್ಟೆಗೆ, ಒಂದು ದೊಡ್ಡ ಮಾರಾಟ ಮಳಿಗೆಯ ಬೆನ್ನಿಗೆ. ಮುಂದಿನ ರಸ್ತೆ ಒಂದು ಮಹಡಿಯಷ್ಟು ಮೇಲೆ! ಸೈಕಲ್ಲನ್ನು ಮೆಟ್ಟಿಲ ಮೇಲೆ ಎಳೆಯಬೇಕು, ಇಲ್ಲವೇ ಚೀಲ ಹಿಡಿದು ಅಡ್ಡಾಡುವವರ ನಡುವೆ ನುಸುಳಬೇಕು. ನನ್ನ ಕಾಲೇಜಿನ ದಾರಿಗೂ ಕೋಪನ್‌ಹೇಗನ್ನಿಗೂ ಆಗ ಅಂಥ ವ್ಯತ್ಯಾಸವೇನೂ ಇರಲಿಲ್ಲವೆಂದು ನನಗೆ ಒಳಗೊಳಗೇ ಸಮಾಧಾನ.

ಎಂಟು ವರ್ಷ ಹೀಗೇ ನಡೆಯಿತು. ೨೦೧೪ರಲ್ಲಿ ಆ ಮೇಲಿನ ರಸ್ತೆಯಿಂದ ಬ್ರುಗೆಬ್ರೋಗೆ ಇಳಿಯಲು ಇನ್ನೊಂದು ಸೇತುವೆ ಬಂತು. ಸಣ್ಣ ಕಂಬಗಳ ಮೇಲೆ, ನೀರಿನ ಮೇಲಿಂದ ಬಳುಕುತ್ತ ಇಳಿಯುವ, ಇನ್ನೂರು ಮೀಟರಿಗೂ ಮೀರಿದ ಕಿತ್ತಳೆ ಬಣ್ಣದ ಹಾದಿ. ಸೈಕಲ್ಲಿಗೆ ಮಾತ್ರ. ವಿನ್ಯಾಸ ಡಿಸ್ಸಿಂಗ್ ಪ್ಲಸ್ ವೈಟ್ಲಿಂಗ್ ಸಂಸ್ಥೆಯದು. ಇದಕ್ಕೆ ಜನ ಕರೆಯುವ ಹೆಸರಿನ ಅರ್ಥ ಸೈಕಲ್ ಹಾವು. ಡೇನಿಷ್ ಭಾಷೆಯಲ್ಲಿ ಸೈಕಲ್ಲಿನ ಟ್ಯೂಬಿಗೂ ಅದೇ ಪದವಂತೆ! ಹೆಸರಿಟ್ಟವನು ಪಂಕ್ಚರ್ ಹಾಕಿ ಅನುಭವವಿದ್ದವನೇ ಇರಬೇಕು.

ಚಿತ್ರಗಳಲ್ಲಿ ಅದು ಚೆಲುವಾಗಿ ಕಾಣುತ್ತದೆ, ನಿಜ. ಆದರೆ ಅದರ ಹೆಚ್ಚುಗಾರಿಕೆ ಬಳುಕಿನಲ್ಲಿಲ್ಲ. ಹೊಸ ಹೊಳೆ ದಾಟಿಸದೆ, ಇದ್ದ ಸೇತುವೆಯ ಬಾಲಕ್ಕೆ ದಾರಿ ಕೂಡಿಸಿದ್ದರಲ್ಲಿದೆ. ಸೇತುವೆ ಕಟ್ಟುವವರ ಕಣ್ಣು ನೀರಿನ ಮೇಲಿರುತ್ತದೆ. ರಿಬ್ಬನ್ ಕತ್ತರಿಸುವುದೂ ಅಲ್ಲೇ. ದಿನಾ ಎಂಟು ಗಂಟೆಗೆ ಕೆಲಸಕ್ಕೆ ಓಡುವವನಿಗೆ ಮಾತ್ರ ಎರಡೂ ತುದಿಗಳದೇ ಚಿಂತೆ.

ಪಾಠ ಕಲಿತರೆಂದು ಹೇಳೋಣವೆಂದರೆ, ೨೦೧೬ರಲ್ಲಿ ನ್ಯೂಹಾವ್ನ್ ಬಳಿ ತೆರೆದ ಇನ್ನೊಂದು ಸೇತುವೆ ಬಾಯಿ ಮುಚ್ಚಿಸುತ್ತದೆ. ಹಡಗು ಬಂದಾಗ ಎರಡು ತುಂಡಾಗಿ ಹಿಂದೆ ಸರಿಯುವ ಸೇತುವೆ. ಗುತ್ತಿಗೆದಾರ ಸಂಸ್ಥೆ ೨೦೧೩ರಲ್ಲಿ ದಿವಾಳಿಯಾಗಿ ಕೆಲಸ ವರ್ಷಗಟ್ಟಲೆ ತಡವಾಯಿತು. ಕೊನೆಗೂ ತೆರೆದಾಗ ನೋಡಿದರೆ, ಸೈಕಲ್ ಪಥ ನಡುವಿನಲ್ಲಿ ಮೊಣಕೈಯಂತೆ ಸೊಟ್ಟ. ಇಳಿಜಾರಿನಲ್ಲಿ ರಭಸದಿಂದ ಬಂದವರು ತಿರುವಿನ ಗಾಜಿನ ತಡೆಗೆ ಡಿಕ್ಕಿ ಹೊಡೆದ ಸುದ್ದಿಗಳು ಬಂದವು. ಅದನ್ನು ರೂಪಿಸಿದವರು ಬೆಳಗಿನ ಹೊತ್ತಿನಲ್ಲಿ ಒಮ್ಮೆ ಸೈಕಲ್ ತುಳಿದಿದ್ದರೆ?

ನಮ್ಮೂರಿನ ಮೆಟ್ಟಿಲಿನ ಸೇತುವೆ ಇನ್ನೂ ಇದೆ. ಈಚೆಗೆ ಬಣ್ಣ ಬಳಿದಿದ್ದಾರೆ. ಮೊನ್ನೆ ಒಬ್ಬ ಹಾಲಿನವನು ಸೈಕಲ್ಲಿನಿಂದ ಕ್ಯಾನು ಬಿಚ್ಚಿ, ಹೊತ್ತುಕೊಂಡು ಹೋಗಿ ಆಚೆ ಇಟ್ಟ. ಮತ್ತೆ ಈಚೆ ಬಂದು ಸೈಕಲ್ಲಿಗೆ ಹೆಗಲು ಕೊಟ್ಟ. ನಾನು ಹಿಂದಿನಿಂದ ಕ್ಯಾರಿಯರ್ ಎತ್ತಿ ಹಿಡಿದೆ. ‘ಬಿಡಿ ಸಾರ್, ಎಣ್ಣೆ ಆಗ್ತದೆ’ ಅಂದ.