ವೈ ಒತ್ತುವ ಮುನ್ನ...

ಲಿನಕ್ಸ್ ಬಳಸುವವರು ನಾಲ್ಕು ಜನ ಒಂದು ಕಡೆ ಸೇರಿದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತೆ. "ಸಾಫ್ಟ್‌ವೇರ್ ಹಾಕೋಕೆ, ಅಪ್‌ಗ್ರೇಡ್ ಮಾಡೋಕೆ ನೀವು ಏನು ಬಳಸ್ತೀರಿ? ಆಪ್ಟಾ, ಆಪ್ಟಿಟ್ಯೂಡಾ, ಸಿನಾಪ್ಟಿಕ್ಕಾ?" ನಾನೂ ಇದರ ಬಗ್ಗೆ ಗಂಟೆಗಟ್ಟಲೆ ವಾದ ಮಾಡಿದವನೇ. ಈಗ ನನ್ನ ಅಭಿಪ್ರಾಯ ಸ್ವಲ್ಪ ಬದಲಾಗಿದೆ. ಬದಲಾಯಿಸಿದ್ದು ನಮ್ಮ ಅಪ್ಪಯ್ಯ.

ಅಪ್ಪಯ್ಯ ರಿಟೈರ್ ಆದಮೇಲೆ ತಮ್ಮ ಹಳೆಯ ನೆನಪುಗಳನ್ನೆಲ್ಲ ಕನ್ನಡದಲ್ಲಿ ಟೈಪಿಸೋಕೆ ಶುರು ಮಾಡಿದ್ರು. ನಾನೇ ಅವರ ಲ್ಯಾಪ್‌ಟಾಪಿಗೆ ಡೆಬಿಯನ್ ಹಾಕಿ, ಐಬಸ್ ಹೊಂದಿಸಿ, ಗುಬ್ಬಿ, ನವಿಲು ಫಾಂಟುಗಳನ್ನು ಕೂರಿಸಿ ಕೊಟ್ಟಿದ್ದೆ. ಒಂದು ಭಾನುವಾರ ಫೋನಿನಲ್ಲಿ ಅಪ್‌ಗ್ರೇಡ್ ಮಾಡಿಸೋಣ ಅಂತ ಕಮಾಂಡನ್ನು ಒಂದೊಂದೇ ಅಕ್ಷರ ಹೇಳಿಕೊಟ್ಟೆ: ಸುಡೋ, ಆಪ್ಟ್, ಫುಲ್-ಅಪ್‌ಗ್ರೇಡ್.

"ಮಾರಾಯ, ಸುಮಾರು ಹೆಸರು ಬಂತಲ್ಲೋ. ಇದನ್ನೆಲ್ಲ ತೆಗೀತೀನಿ ಅಂತಿದೆ."

"ಏನೂ ಆಗಲ್ಲ ಅಪ್ಪಯ್ಯ, ವೈ ಒತ್ತಿ."

ಒತ್ತಿದರು. ಲ್ಯಾಪ್‌ಟಾಪ್ ಮತ್ತೆ ಶುರುವಾದಾಗ ಕಪ್ಪು ಪರದೆ. ಡೆಸ್ಕ್‌ಟಾಪೂ ಇಲ್ಲ, ಐಬಸ್ಸೂ ಇಲ್ಲ. ಒಂದು ವರ್ಷದ ಹಿಂದೆ ಯಾವುದೋ ಹೊಸ ತಂತ್ರಾಂಶದ ಆಸೆಗೆ ನಾನೇ ಸೋರ್ಸಸ್ ಪಟ್ಟಿಗೆ 'ಟೆಸ್ಟಿಂಗ್'ನ ಸಾಲೊಂದನ್ನು ಸೇರಿಸಿ ಮರೆತುಬಿಟ್ಟಿದ್ದೆ. ಸ್ಟೇಬಲ್ಲು, ಟೆಸ್ಟಿಂಗು ಎರಡೂ ಕಲಸಿ ಚಿತ್ರಾನ್ನವಾಗಿತ್ತು. ಬರೆದಿಟ್ಟ ಫೈಲುಗಳಿಗೆ ಏನೂ ಆಗಿರಲಿಲ್ಲ, ಆದರೆ ನಾನು ಊರಿಗೆ ಹೋಗೋವರೆಗೆ ಮೂರು ವಾರ ಅಪ್ಪಯ್ಯ ಒಂದಕ್ಷರ ಬರೆಯಲಿಲ್ಲ. "ನಿನ್ನನ್ನು ಕೇಳಿದ್ದೆನಲ್ಲ" ಅಂತ ಅವರು ಒಂದೇ ಸಲ ಹೇಳಿದ್ದು. ಅದು ಇವತ್ತಿಗೂ ಚುಚ್ಚುತ್ತೆ :(

ಈಗ ವಿಷಯಕ್ಕೆ ಬರೋಣ. ಡೆಬಿಯನ್ನಿನಲ್ಲಿ ತಳದಲ್ಲಿರುವುದು ಡಿಪಿಕೆಜಿ. ಪಾಯಸಕ್ಕೆ ಬೆಲ್ಲ ಇಲ್ಲದಿದ್ದರೆ "ಬೆಲ್ಲ ಇಲ್ಲ" ಅಂತ ಹೇಳಿ ಕೈಕಟ್ಟಿ ಕೂರುವ ಅಡುಗೆಯವನ ಹಾಗೆ ಅದು. ಅಂಗಡಿಗೆ ಹೋಗಿ ಬೆಲ್ಲ ತರುವವನು ಆಪ್ಟ್. 1999ರ ಮಾರ್ಚಿನಲ್ಲಿ ಬಂದ ಡೆಬಿಯನ್ 2.1ರಲ್ಲಿ ಅದು ಸೇರಿತು. ಆಮೇಲೆ ಆಪ್ಟಿಟ್ಯೂಡ್, ಸಿನಾಪ್ಟಿಕ್ ಬಂದವು. 2014ರಲ್ಲಿ ಆಪ್ಟ್ 1.0 ಜೊತೆ 'ಆಪ್ಟ್' ಅನ್ನೋ ಚಿಕ್ಕ ಕಮಾಂಡೂ ಬಂತು.

ಯಾವುದು ಮೇಲು ಅನ್ನೋದರಲ್ಲಿ ಡೆಬಿಯನ್ನಿನವರೇ ಮನಸ್ಸು ಬದಲಾಯಿಸಿದ್ದಾರೆ. 2009ರ ಲೆನ್ನಿಗೆ ಅಪ್‌ಗ್ರೇಡ್ ಆಗೋಕೆ ಆಪ್ಟಿಟ್ಯೂಡ್ ಬಳಸಿ ಅಂದಿದ್ದರು, 2011ರ ಸ್ಕ್ವೀಜ್‌ಗೆ ಬಂದಾಗ ಆಪ್ಟ್-ಗೆಟ್ ಬಳಸಿ ಅಂದರು. ಹಾಗಾಗಿ ಹಳೆಯ ಸಲಹೆಗಳನ್ನು ಓದುವಾಗ ಇಸವಿ ನೋಡಿಕೊಳ್ಳಿ.

ನನ್ನ ಮಟ್ಟಿಗೆ ಲೆಕ್ಕ ಹೀಗಿದೆ. ದಿನಬಳಕೆಗೆ ಆಪ್ಟ್. ಅದರಲ್ಲೂ ಬರೀ 'ಅಪ್‌ಗ್ರೇಡ್' ಅಂದರೆ ಇರುವ ಯಾವ ಪ್ಯಾಕೇಜನ್ನೂ ತೆಗೆಯುವುದಿಲ್ಲ. 'ಫುಲ್-ಅಪ್‌ಗ್ರೇಡ್' ಅಂದರೆ ಬೇಕಾದರೆ ತೆಗೆದೂ ಹಾಕುತ್ತೆ. ನಾನು ಅಪ್ಪಯ್ಯನಿಗೆ ಹೇಳಿಕೊಟ್ಟಿದ್ದು ಎರಡನೆಯದು! ಸ್ಕ್ರಿಪ್ಟ್ ಬರೆಯೋದಾದರೆ ಆಪ್ಟ್-ಗೆಟ್, ಯಾಕೆಂದರೆ 'ಆಪ್ಟ್'ನ ನಡವಳಿಕೆ ಬದಲಾಗಬಹುದು ಅಂತ ಅದರ ಕೈಪಿಡಿಯೇ ಹೇಳುತ್ತೆ. ಪ್ಯಾಕೇಜುಗಳು ಜಗಳಕ್ಕೆ ಬಿದ್ದಾಗ ಆಪ್ಟಿಟ್ಯೂಡ್: ಒಂದು ಪರಿಹಾರ ಬೇಡ ಅಂದರೆ ಇನ್ನೊಂದನ್ನು ಮುಂದಿಡುತ್ತೆ. ಅದರ 'ವೈ' ಕಮಾಂಡು (ಒತ್ತುವ ವೈ ಅಲ್ಲ, 'ಯಾಕೆ' ಅನ್ನೋ ವೈ) ಯಾವುದೋ ಪ್ಯಾಕೇಜು ಯಾಕೆ ಬೇಕು ಅಂತ ವಿವರಿಸುತ್ತೆ. ಏನೇನಿದೆ ಅಂತ ಕಣ್ಣಾಡಿಸೋಕೆ ಸಿನಾಪ್ಟಿಕ್.

ಆದರೆ ಇದ್ಯಾವುದೂ ನನ್ನನ್ನು ಕಾಪಾಡುತ್ತಿರಲಿಲ್ಲ. ಆಪ್ಟ್ ತನ್ನ ಕೆಲಸ ಸರಿಯಾಗೇ ಮಾಡಿತ್ತು: ತೆಗೆಯುವವುಗಳ ಪಟ್ಟಿ ಕೊಟ್ಟಿತ್ತು, ಕೇಳಿತ್ತು. ಓದಿದವರು ಅಪ್ಪಯ್ಯ, ಓದದೆ ಹೂಂ ಅಂದವನು ನಾನು. ನಾನೊಬ್ಬನೇ ಅಲ್ಲ ಬಿಡಿ. 2021ರ ನವೆಂಬರಿನಲ್ಲಿ ಯೂಟ್ಯೂಬಿನ ಲೈನಸ್ ಸೆಬಾಸ್ಟಿಯನ್ ಪಾಪ್ ಓಎಸ್‌ನಲ್ಲಿ ಸ್ಟೀಮ್ ಹಾಕಲು ಹೋಗಿ ಡೆಸ್ಕ್‌ಟಾಪನ್ನೇ ಕಳೆದುಕೊಂಡದ್ದನ್ನು ಜಗತ್ತೇ ನೋಡಿತು. ಅಲ್ಲಿ ಬರೀ ವೈ ಸಾಲದು, "ಯೆಸ್, ಡು ಆಸ್ ಐ ಸೇ!" ಅಂತ ಪೂರ್ತಿ ವಾಕ್ಯ ಟೈಪಿಸಬೇಕಿತ್ತು. ಟೈಪಿಸಿದರು!

ಹಾಗಂತ ತಪ್ಪೆಲ್ಲ ಬಳಸುವವರದ್ದೇ ಅಂತಲೂ ನಾನು ಹೇಳಲ್ಲ. ನೂರು ಹೆಸರಿನ ನಡುವೆ ಒಂದು ಸಾಲಿನ ಎಚ್ಚರಿಕೆ ಯಾರ ಕಣ್ಣಿಗೆ ಬೀಳುತ್ತೆ? 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರ ಆಪ್ಟ್ 3.0 ತೆಗೆಯುವವುಗಳನ್ನು ಕೆಂಪಕ್ಷರದಲ್ಲಿ ತೋರಿಸುತ್ತೆ. ಇಷ್ಟು ಸಣ್ಣ ಕೆಲಸ ಇಪ್ಪತ್ತು ವರ್ಷ ಮೊದಲೇ ಆಗಬೇಕಿತ್ತು.

ಅದಕ್ಕೇ ಈಗ ಯಾರಾದರೂ ಕೇಳಿದರೆ ನನ್ನ ಉತ್ತರ ಇಷ್ಟೇ: ಮಾಡುವ ಮುಂಚೆ ಏನು ಮಾಡ್ತೀನಿ ಅಂತ ನಿಮಗೆ ಅರ್ಥವಾಗುವ ಹಾಗೆ ಹೇಳುವ ಸಾಧನ ಯಾವುದೋ, ಅದನ್ನೇ ಇಟ್ಟುಕೊಳ್ಳಿ. ಅನುಮಾನ ಬಂದರೆ '-ಎಸ್' ಹಾಕಿ ತಾಲೀಮು ನೋಡಿ, ಏನೂ ಬದಲಾಗಲ್ಲ. ಬೇರೆಯವರ ಗಣಕಕ್ಕೆ ಫೋನಿನಲ್ಲಿ ಫುಲ್-ಅಪ್‌ಗ್ರೇಡ್ ಮಾಡಿಸಬೇಡಿ.

ಅಪ್ಪಯ್ಯನ ಲ್ಯಾಪ್‌ಟಾಪಿನಲ್ಲಿ ಈಗ ಸೆಕ್ಯುರಿಟಿ ಅಪ್‌ಡೇಟುಗಳು ತಾವಾಗೇ ಬರುತ್ತವೆ. ದೊಡ್ಡ ಅಪ್‌ಗ್ರೇಡು ನಾನು ಊರಿಗೆ ಹೋದಾಗ ಮಾತ್ರ, ಇಬ್ಬರೂ ಪಕ್ಕದಲ್ಲಿ ಕೂತು. ಪಟ್ಟಿಯನ್ನು ಅವರೇ ಗಟ್ಟಿಯಾಗಿ ಓದುತ್ತಾರೆ. ನಾನು ಕೇಳಿಸಿಕೊಳ್ಳುತ್ತೇನೆ :)